ನಮ್ಮ ಹಿತ್ತಲಿನ ಆರು ಋತುಗಳು

ಐಹೊಳೆಯನ್ನು ನೋಡಬಂದವರು ಸಾಮಾನ್ಯವಾಗಿ ಅರ್ಧ ದಿವಸದಲ್ಲಿ ಊರನ್ನು ನೋಡಿ ಮುಗಿಸುವರು. ದುರ್ಗದ ಗುಡಿ, ಲಾಡಖಾನನ ಗುಡಿ, ಹುಚ್ಚಿಮಲ್ಲಿಯ ಗುಡಿ, ರಾವಣಫಡಿ, ಬಿಸಿಲೇರುವುದರೊಳಗಾಗಿ ಮೇಗುತಿಯ ಗುಡ್ಡ. ಇಷ್ಟಾದ ಮೇಲೆ ಪಟ್ಟದಕಲ್ಲಿಗೋ ಬಾದಾಮಿಗೋ ಹೊರಟುಹೋಗುವರು. ಅವರನ್ನು ನಾನು ಆಕ್ಷೇಪಿಸುವುದಿಲ್ಲ. ನೂರಕ್ಕೂ ಮಿಕ್ಕು ಗುಡಿಗಳಿರುವ ಊರಿಗೆ ಬಂದವರನ್ನು ಕೈಹಿಡಿದು ನಿಲ್ಲಿಸಿ, ‘ನಮ್ಮ ಹಿತ್ತಲನ್ನೂ ನೋಡಿ ಹೋಗಿರಿ’ ಎಂದು ಹೇಳಿದರೆ ಅವರು ನಕ್ಕಾರು. ಆದರೆ ಮನೆಯವರೆಲ್ಲ ಕುಳಿತು ಓದುವ ಈ ಪತ್ರಿಕೆಯ ವಾಚಕರು ನಗಲಾರರೆಂದು ನಂಬಿ, ಆ ಹಿತ್ತಲಿನ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯಲು ಹೊರಟಿದ್ದೇನೆ. ಅದರಲ್ಲಿ ನನ್ನ ಒಂದು ತಪ್ಪಿನ ಕಥೆಯೂ ಸೇರಿದೆ. ಅದನ್ನು ಮುಚ್ಚಿಟ್ಟು ಹೂವು ಹಕ್ಕಿಗಳ ವರ್ಣನೆಯನ್ನಷ್ಟೇ ಮಾಡಿದರೆ ಬರಹವು ಪ್ರಾಮಾಣಿಕವಾಗದು.

ನಮ್ಮ ಹಿತ್ತಲು ದೊಡ್ಡದಲ್ಲ. ಉದ್ದ ನಲವತ್ತು ಹೆಜ್ಜೆ, ಅಗಲ ಇಪ್ಪತ್ತೈದು ಹೆಜ್ಜೆ. ಮನೆಯ ಹಿಂಬಾಗಿಲಿಗೆ ತುಲಸೀವೃಂದಾವನ, ಅದರ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಒಗೆದ ನೀರು ಹರಿದುಹೋಗುವಲ್ಲಿ ನಾಲ್ಕು ಬಾಳೆ. ಅದರಾಚೆಗೆ ಕರಿಬೇವು, ನುಗ್ಗೆ, ಪೇರಲ, ನಿಂಬೆ, ಎರಡು ದಾಳಿಂಬೆ, ಒಂದು ಸೀತಾಫಲ, ದೇವರ ಪೂಜೆಗೆಂದು ದಾಸವಾಳ, ಕಣಗಿಲ, ಪಾರಿಜಾತ ಮತ್ತು ಬಿಲ್ವ. ನಟ್ಟನಡುವೆ ನಮ್ಮ ತಂದೆಯವರು ನೆಟ್ಟ ಬೇವಿನ ಮರ. ಮೂಲೆಯಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ. ಅದರ ಮೇಲಕ್ಕೆ ಬಾಗಿದ ಒಂದು ಜಾಲಿ. ಬೇಲಿಯ ಆಚೆಗೆ ಹೆಸರಿಲ್ಲದ ಒಂದು ಸಣ್ಣ ಗುಡಿ. ಅದರ ಮಾಡಿನ ಒಂದು ಕಲ್ಲು ಸರಿದು, ಒಳಗೆ ಹಗಲಿನಲ್ಲಿಯೂ ಕತ್ತಲೆ.

‘ಬೇಲಿ’ ಎಂದೆನಷ್ಟೆ. ನಮ್ಮ ಮನೆಗೆ ಹಿಂದುಗಡೆ ಗೋಡೆಯಿಲ್ಲ. ಮದರಂಗಿ ಮತ್ತು ಕಳ್ಳಿಯ ಬೇಲಿಯೇ ಗೋಡೆ. ಇದಕ್ಕೆ ಬಡತನವೊಂದೇ ಕಾರಣವಲ್ಲ. ಪ್ರಾಚೀನ ಸ್ಮಾರಕಗಳ 1958ರ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟಲಾಗದು. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಪಡೆದು ಕಟ್ಟತಕ್ಕದ್ದು. ಗುಡಿಗಳ ನಡುವೆಯೇ ಮನೆಗಳಿರುವ ನಮ್ಮಂತಹ ಊರಿನಲ್ಲಿ ಇದರ ಬಿಸಿ ಎಲ್ಲರಿಗೂ ತಟ್ಟುವುದು. ನಾನೂ ಮೊದಮೊದಲು ಗೊಣಗಿದವನೇ. ಆದರೆ ಗೋಡೆಯಿಲ್ಲದ್ದರಿಂದ ಆದ ಒಂದು ಲಾಭವನ್ನು ತಡವಾಗಿ ಕಂಡುಕೊಂಡೆ: ಮನುಷ್ಯನನ್ನು ತಡೆಯುವ ಬೇಲಿಯು ಮುಂಗುಸಿಯನ್ನು ತಡೆಯುವುದಿಲ್ಲ, ಕೇರೆಹಾವನ್ನು ತಡೆಯುವುದಿಲ್ಲ, ಕಪ್ಪೆಯನ್ನು ತಡೆಯುವುದಿಲ್ಲ. ಗೋಡೆಯಿದ್ದಿದ್ದರೆ ಇಂದು ಬರೆಯುವುದಕ್ಕೆ ನನಗೆ ಬಹುಶಃ ವಿಷಯವೇ ಇರುತ್ತಿರಲಿಲ್ಲ.

ನಾನು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದವನು. ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿಯು ಶಕ 556ರಲ್ಲಿ, ಎಂದರೆ ಕ್ರಿಸ್ತಶಕ 634ರಲ್ಲಿ, ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಬರೆಯಿಸಿ, ತನ್ನ ಕೀರ್ತಿಯು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮಾನವೆಂದು ಹೇಳಿಕೊಂಡಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕಾಳಿದಾಸನ ಕಾಲವನ್ನು ನಿರ್ಣಯಿಸುವ ಪಂಡಿತರೆಲ್ಲ ನಮ್ಮೂರಿನ ಈ ಕಲ್ಲಿನತ್ತ ಒಮ್ಮೆ ತಿರುಗಿ ನೋಡಲೇಬೇಕು. ಪ್ರತಿವರ್ಷವೂ ಮಕ್ಕಳನ್ನು ಆ ಗುಡ್ಡಕ್ಕೆ ಕರೆದುಕೊಂಡುಹೋಗಿ ಅಕ್ಷರಗಳನ್ನು ತೋರಿಸುತ್ತಿದ್ದೆ. ತರಗತಿಯಲ್ಲಿ ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದ ಆರು ಋತುಗಳನ್ನು ಕ್ರಮವಾಗಿ ಬಾಯಿಪಾಠ ಮಾಡಿಸುತ್ತಿದ್ದೆ. ಆದರೆ 2022ರ ಮೇ ತಿಂಗಳಿನಲ್ಲಿ ನಿವೃತ್ತನಾಗಿ, ಬೆಳಗಿನ ಹೊತ್ತು ಹಿಂಬಾಗಿಲ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಬಿಡುವು ದೊರೆತ ಮೇಲೆಯೇ, ಪುಸ್ತಕದ ಋತುಗಳಿಗೂ ನಮ್ಮ ಹಿತ್ತಲಿನ ಋತುಗಳಿಗೂ ಹೊಂದಿಕೆ ಸಾಲದೆಂಬುದು ನನಗೆ ತಿಳಿದದ್ದು. ಪಂಚಾಂಗದ ಪ್ರಕಾರ ಚೈತ್ರ ವೈಶಾಖಗಳು ವಸಂತ. ನಮ್ಮಲ್ಲಿ ಆಗ ಬಿಸಿಲು 40 ಡಿಗ್ರಿಯನ್ನು ಮುಟ್ಟಿರುತ್ತದೆ! ಜ್ಯೇಷ್ಠವು ಗ್ರೀಷ್ಮವಂತೆ; ನಮ್ಮ ರೈತನಾದರೋ ಆಗ ಮಿರಗದ ಮಳೆಗೆ ಕೂರಿಗೆಯನ್ನು ಸಜ್ಜುಗೊಳಿಸುವನು. ನಮ್ಮ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿರುವುದು. ಬರುವ ಮಳೆಯೇ ಸ್ವಲ್ಪ, ಅದರಲ್ಲಿಯೂ ಹೆಚ್ಚಿನ ಪಾಲು ಭಾದ್ರಪದದ ಸುಮಾರಿಗೆ. ಆದುದರಿಂದ ನಮ್ಮ ಹಿತ್ತಲು ಚಾಂದ್ರಮಾಸಗಳಿಗಿಂತ ಮಳೆಯ ನಕ್ಷತ್ರಗಳ ಮಾತನ್ನೇ ಹೆಚ್ಚಾಗಿ ಕೇಳುವುದು. ಇದ್ದರೂ ಇರಲಿ, ಋತುಸಂಹಾರವು ಗ್ರೀಷ್ಮದಿಂದ ಮೊದಲಾಗಿ ವಸಂತದಲ್ಲಿ ಮುಗಿಯುವಂತೆ ನಾನೂ ಬಿಸಿಲಿನಿಂದಲೇ ಆರಂಭಿಸುತ್ತೇನೆ.

ಬೇಸಿಗೆಯಲ್ಲಿ ಮಲಪ್ರಭೆಯು ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಮಡುಗಳಷ್ಟೇ ಆಗಿ ಉಳಿಯುವುದು. ಗುಡಿಗಳ ಕೆಂಪು ಕಲ್ಲು ಹಗಲೆಲ್ಲ ಕಾದು, ನಡುರಾತ್ರಿಯವರೆಗೂ ಕಾವನ್ನು ಉಗುಳುತ್ತಿರುವುದು. ಆಗ ಹಿತ್ತಲಿನಲ್ಲಿ ಜೀವವಿರುವುದು ಎರಡೇ ಕಡೆ: ಬೇವಿನ ನೆರಳು, ಬಾವಿಯ ಕಟ್ಟೆ. ನಮ್ಮ ಮನೆಯವರು ಒಡೆದ ಹೂಜಿಯ ತಳಭಾಗವನ್ನು ಬೇವಿನ ಬುಡದಲ್ಲಿಟ್ಟು ದಿನಕ್ಕೆ ಎರಡು ಸಲ ನೀರು ತುಂಬುವರು. ಅಲ್ಲಿಗೆ ಬರುವ ಅತಿಥಿಗಳಿಗೆ ಒಂದು ಪಾಳಿಯಿದೆ. ಬೆಳಗಿಗೆ ಗುಬ್ಬಿಗಳು, ಅವು ಕುಡಿಯುವುದಕ್ಕಿಂತ ಮೀಯುವುದೇ ಹೆಚ್ಚು. ಅವುಗಳ ತರುವಾಯ ಏಳೆಂಟು ಹರಟೆಮಲ್ಲ ಹಕ್ಕಿಗಳು ಒಟ್ಟಾಗಿ ಬಂದು, ಸಂತೆಯಲ್ಲಿ ಜಗಳಾಡುವವರಂತೆ ಸದ್ದುಮಾಡಿ ಹೋಗುವುವು. ಮಧ್ಯಾಹ್ನ ಬೆಳವಗಳು ಸದ್ದಿಲ್ಲದೆ ಬರುವುವು. ಇತರ ಹಕ್ಕಿಗಳು ಒಂದೊಂದು ಗುಟುಕಿಗೆ ತಲೆಯೆತ್ತಿದರೆ, ಬೆಳವವು ಪಾರಿವಾಳದ ಕುಲದ್ದಾದುದರಿಂದ ಕೊಕ್ಕನ್ನು ನೀರಿನಲ್ಲಿ ಅದ್ದಿ ದನದಂತೆ ಒಂದೇ ಉಸುರಿಗೆ ಹೀರುವುದು. ಇಣಚಿಯು ಬಾಲವನ್ನು ಬೆನ್ನ ಮೇಲೆ ಕೊಡೆಯಂತೆ ಹಿಡಿದು ಬರುವುದು. ಸಂಜೆ ಹೊತ್ತು ಮುಳುಗುವಾಗ ಮುಂಗುಸಿ.

ಈ ದಿನಗಳಲ್ಲಿಯೇ ಕಾಗೆಯು ಬೇವಿನಲ್ಲಿ ಗೂಡು ಕಟ್ಟುವುದು. ಕೋಗಿಲೆಯು ಹೊಂಚುಹಾಕಿ ಅದರಲ್ಲಿ ಮೊಟ್ಟೆಯಿಡುವುದು. ಪರಭೃತವೆಂಬ ಕೋಗಿಲೆಯ ಹೆಸರಿಗೆ ‘ಪರರಿಂದ ಪೋಷಿತವಾದುದು’ ಎಂಬ ಅರ್ಥವನ್ನು ನಾನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದಿದ್ದೆ. ಮರಿಕೋಗಿಲೆಯು ತನಗೆ ಉಣಿಸುವ ಕಾಗೆಯ ಮುಂದೆ ಬಾಯ್ದೆರೆದು ಕುಳಿತುದನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತನಾದ ಮೇಲೆ.

ಮುಂಗಾರಿನ ಮೊದಲ ದೊಡ್ಡ ಮಳೆಯಾದ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬಾವಿಯೊಳಗಿನ ಕಪ್ಪೆಗಳು ಒಂದು ಸ್ವರ ಹಿಡಿದರೆ ಗುಡಿಯ ಹಿಂದಣ ಹೊಂಡದವು ಮತ್ತೊಂದು ಹಿಡಿಯುವುವು. ಮರುದಿನ ಮುಂಜಾನೆ ನೆಲದಿಂದ ಗೆದ್ದಲು ರೆಕ್ಕೆ ಬಲಿತು ಹೊಗೆಯಂತೆ ಏಳುವುದು. ಕಾಜಾಣ, ಗೊರವಂಕ, ಕಾಗೆ, ಹಲ್ಲಿ, ಓತಿಕ್ಯಾತಗಳಿಗೆಲ್ಲ ಅಂದು ಹಬ್ಬದೂಟ. ಹಸಿಯಾದ ಮಣ್ಣಿನ ಮೇಲೆ ಕೆಂಪು ಮಕಮಲ್ಲಿನ ಗುಂಡಿಗಳಂತಹ ಮಿರಗದ ಹುಳುಗಳು ಮೆಲ್ಲಮೆಲ್ಲನೆ ನಡೆಯುವುವು. ನಮ್ಮ ಮೊಮ್ಮಗಳು ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ತೋರಿಸುವಳು. ಎಣಿಸಿ ತೋರಿಸಿ, ತಂದಲ್ಲಿಯೇ ಬಿಟ್ಟುಬರಬೇಕೆಂಬುದು ನಮ್ಮ ಮನೆಯ ಕಟ್ಟಳೆ.

ಚಾತಕವೂ ಆಗಲೇ ಕಾಣಿಸಿಕೊಳ್ಳುವುದು: ಕರಿಬಿಳಿ ಮೈ, ತಲೆಯ ಮೇಲೆ ಜುಟ್ಟು. ಮುಂಗಾರಿನ ಗಾಳಿಯೊಡನೆ ಆಫ್ರಿಕೆಯಿಂದ ಕಡಲನ್ನು ದಾಟಿ ಉತ್ತರ ಮತ್ತು ಮಧ್ಯ ಭಾರತಕ್ಕೆ ಇವು ಬರುವುವೆಂದೂ, ದಕ್ಷಿಣದಲ್ಲಿ ಕೆಲವು ಇಲ್ಲಿಯೇ ನೆಲಸಿರುವುವೆಂದೂ ಪಕ್ಷಿಶಾಸ್ತ್ರಜ್ಞರು ಹೇಳುತ್ತಾರೆ. ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಚಾತಕವು ಕುಡಿಯದೆಂಬುದು ಕವಿಸಮಯ. ನಾನು ಕಂಡ ಚಾತಕಕ್ಕೆ ನೀರಿಗಿಂತ ನುಗ್ಗೆಯ ಮರದ ಕಂಬಳಿಹುಳದ ಮೇಲೆ ಹೆಚ್ಚು ಆಸೆ! ಬೇರೆ ಹಕ್ಕಿಗಳು ಮುಟ್ಟದ ಆ ಹುಳುಗಳನ್ನು ಅದು ಹೆಕ್ಕಿ ತಿನ್ನುವುದರಿಂದ ನುಗ್ಗೆಯು ಉಳಿಯುವುದು. ಅದೂ ಕೋಗಿಲೆಯ ಜ್ಞಾತಿಯೇ. ತನ್ನ ಮೊಟ್ಟೆಯನ್ನು ಹರಟೆಮಲ್ಲನ ಗೂಡಿನಲ್ಲಿ ಇಟ್ಟು ಹೋಗುವುದು.

ಆದರೆ ಮಳೆಗಾಲದ ನಮ್ಮ ನಿಜವಾದ ಭಾಗ್ಯವೆಂದರೆ ಬಾವಿಯ ಮೇಲಣ ಜಾಲಿಯ ಗೀಜಗಗಳು. ಗಂಡುಹಕ್ಕಿಯು ಹುಲ್ಲಿನ ಎಲೆಯನ್ನು ಅಂಚಿನಲ್ಲಿ ಕಚ್ಚಿ, ಹಾರುತ್ತಲೇ ಉದ್ದವಾದ ಸೀಳನ್ನು ಎಳೆದು ತಂದು ಹೆಣೆಯುವುದು. ಗೂಡು ಅರ್ಧವಾಗಿ ಟೊಪ್ಪಿಗೆಯ ಆಕಾರಕ್ಕೆ ಬಂದಾಗ ಕೆಲಸವನ್ನು ನಿಲ್ಲಿಸಿ ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುವುದು. ಹೆಣ್ಣು ಬಂದು ಒಳಹೊಕ್ಕು ನೋಡಿ, ಎಳೆದು ನೋಡಿ, ಒಪ್ಪಿದರೆ ಮಾತ್ರ ಉಳಿದ ಕೆಲಸ. ಒಪ್ಪದೆ ಹೋದರೆ ಆ ಗೂಡು ಅರ್ಧಕ್ಕೇ ನಿಲ್ಲುವುದು. ನೀರಿನ ಮೇಲೆ ತೂಗುವ ಕೊಂಬೆಯನ್ನು ಆರಿಸುವುದು ಹಾವು ಇಣಚಿಗಳ ಭಯಕ್ಕಾಗಿ. ಇಲಕಲ್ಲಿನ ಮಗ್ಗದ ಮುಂದೆ ನಿಂತು ನೋಡಿದವರಿಗೆ ಈ ನೇಕಾರನ ಕೈಚಳಕವು ಇನ್ನೂ ಹೆಚ್ಚಾಗಿ ಮೆಚ್ಚಿಗೆಯಾದೀತು, ಅಲ್ಲಿ ಮಗ್ಗವಿದೆ, ಎರಡು ಕೈಗಳಿವೆ, ಇಲ್ಲಿ ಕೊಕ್ಕೊಂದೇ.

ಮಳೆಯೆಲ್ಲ ಒಳ್ಳೆಯದೇ ಎಂದು ಹೇಳುವಂತಿಲ್ಲ. 2019ರ ಆಗಸ್ಟಿನಲ್ಲಿ ಮೇಲ್ನಾಡಿನಲ್ಲಿ ಸುರಿದ ಮಳೆಗೆ ಮಲಪ್ರಭೆಯು ಉಕ್ಕಿ, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ನಮ್ಮ ಹಿತ್ತಲು ಎತ್ತರದಲ್ಲಿದ್ದುದರಿಂದ ಉಳಿಯಿತು. ಆದರೆ ಹೊಳೆಯ ಬದಿಯ ನೆಲದ ಬಿಲಗಳೆಲ್ಲ ತುಂಬಿ, ಹಾವು ಚೇಳು ಇಲಿ ಓತಿಗಳೆಲ್ಲ ಜಾತಿವೈರವನ್ನು ಮರೆತು ನಮ್ಮ ಬೇಲಿಯವರೆಗೆ ಬಂದಿದ್ದವು. ಇಲಿಗಳು ಮಾತ್ರ ತಿರುಗಿ ಹೋಗಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ದಸರೆಯ ಹೊತ್ತಿಗೆ ಆಕಾಶವು ತೊಳೆದಂತಾಗುವುದು. ಒಂದು ಮುಂಜಾನೆ ಒಗೆಯುವ ಕಲ್ಲಿನ ಬಳಿ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಒಂದು ಸಣ್ಣ ಹಕ್ಕಿಯು ಓಡಾಡುತ್ತಿದ್ದರೆ ಶರತ್ತು ಬಂತೆಂದು ತಿಳಿಯಬೇಕು. ಅದೇ ಖಂಜನ. ಸಂಸ್ಕೃತ ಕವಿಗಳು ಚಂಚಲವಾದ ಕಣ್ಣುಗಳಿಗೆ ಉಪಮಾನವಾಗಿ ತಂದ ಹಕ್ಕಿ. ಇದರಲ್ಲಿ ಹಲವು ಬಗೆಗಳು ಹಿಮಾಲಯದಿಂದಲೂ ಅದರಾಚೆಯಿಂದಲೂ ಚಳಿಗಾಲವನ್ನು ಕಳೆಯಲು ಇಲ್ಲಿಗೆ ಬರುವುವು. ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ತಲೆಯ ಮೇಲೆ ಪಟ್ಟೆಗಳುಳ್ಳ ಹೆಬ್ಬಾತುಗಳು ಹಿಮಾಲಯವನ್ನೇ ಹಾರಿ ದಾಟಿ ಬಂದು ಸೇರುವುದೂ ಚಳಿಗಾಲದಲ್ಲಿಯೇ. ಅಷ್ಟು ದೂರದಿಂದ ಬಂದ ಅತಿಥಿಯು ನಮ್ಮ ಬಟ್ಟೆ ಒಗೆದ ನೀರಿನ ಹುಳುಗಳನ್ನು ಹೆಕ್ಕಿ ತೃಪ್ತಿಪಡುವುದನ್ನು ಕಂಡರೆ ಮನಸ್ಸಿಗೆ ಒಂದು ಬಗೆಯ ನಾಚಿಕೆಯೂ ಸಂತೋಷವೂ ಆಗುವುದು.

ಶರತ್ತಿನಲ್ಲಿ ಪಾರಿಜಾತವು ರಾತ್ರಿ ಅರಳಿ ಬೆಳಗಿಗೆ ನೆಲಕ್ಕೆ ಸುರಿದಿರುವುದು. ಸೀತಾಫಲದ ಕಣ್ಣುಗಳು ಬಿಡುವುವು. ನಿಂಬೆಯ ಚಿಗುರಿನ ಮೇಲೆ ಚಿಟ್ಟೆಯು ಒಂದೊಂದಾಗಿ ಮೊಟ್ಟೆಯಿಡುವುದು. ಅದರ ಹುಳುವು ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ ಕಂಡು ಶತ್ರುಗಳನ್ನು ಮೋಸಗೊಳಿಸುವುದು. ದೊಡ್ಡದಾದಾಗ ಎಲೆಯಂತೆ ಹಸುರಾಗುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಕೊಂಬುಗಳೆರಡನ್ನು ಚಾಚಿ ನಾತವನ್ನು ಬಿಡುವುದು. ಗಿಡವು ದೊಡ್ಡದಾದುದರಿಂದ ನಾಲ್ಕು ಎಲೆಗಳು ಹೋದರೆ ನಮಗೆ ನಷ್ಟವಿಲ್ಲ. ದಾಳಿಂಬೆಯ ಸಂಗತಿ ಹಾಗಲ್ಲ. ಅದಕ್ಕೂ ಒಂದು ಚಿಟ್ಟೆಯಿದೆ. ಅದು ಹೂವಿನ ಮೇಲೆಯೋ ಹೀಚಿನ ಮೇಲೆಯೋ ಮೊಟ್ಟೆಯಿಡಲು, ಹುಳುವು ಕಾಯನ್ನು ಕೊರೆದು ಒಳಹೊಕ್ಕು ತಿರುಳನ್ನೆಲ್ಲ ಕೆಡಿಸುವುದು. ಇದಕ್ಕೆ ನಮ್ಮ ಮನೆಯವರು ಕಂಡುಕೊಂಡ ಔಷಧವೆಂದರೆ ಹಳೆಯ ಇಲಕಲ್ಲ ಸೀರೆಯ ತುಂಡು. ಹೀಚುಗಳಿಗೆಲ್ಲ ಒಂದೊಂದು ಚೀಲವನ್ನು ಹೊಲಿದು ಕಟ್ಟಿಬಿಡುವರು. ‘ಮಾಸ್ತರ ಮನಿ ದಾಳಿಂಬ್ರಿಗೆ ಕುಬಸ ಮಾಡ್ಯಾರ’ ಎಂದು ಓಣಿಯ ಹೆಂಗಸರು ನಗುವರು. ಆದರೆ ಹಣ್ಣು ಬಂದಾಗ ಕೇಳಿ ತೆಗೆದುಕೊಂಡು ಹೋಗುವವರೂ ಅವರೇ.

ಇನ್ನು ಹೇಮಂತ. ಇಲ್ಲಿಯೇ ನನ್ನ ಕಥೆಯ ಕಹಿಯಾದ ಭಾಗವಿರುವುದು.

ಬೇಲಿಯಾಚೆಯ ಸಣ್ಣ ಗುಡಿಯ ಕತ್ತಲೆಯಲ್ಲಿ ಬಹುಕಾಲದಿಂದಲೂ ಒಂದು ಜೋಡಿ ಗೂಬೆಗಳಿದ್ದವು. ಹೃದಯದ ಆಕಾರದ ಬಿಳಿ ಮೋರೆ, ಹೊನ್ನಿನ ಬಣ್ಣದ ಬೆನ್ನು; ಹಾರಿದರೆ ಸದ್ದೇ ಇಲ್ಲ. ಕೂಗು ಮಾತ್ರ ಬಟ್ಟೆಯನ್ನು ಹರಿದಂತೆ ಕರ್ಕಶ. ನಮ್ಮ ಕಡೆ ಇದನ್ನು ಗೂಗಿ ಎನ್ನುವರು. ಮನೆಯ ಮೇಲೆ ಕುಳಿತು ಕೂಗಿದರೆ ಅಶುಭವೆಂದು ಅಂಜುವರು. ನಮ್ಮ ಮನೆಯವರೂ ಅದರ ದನಿ ಕೇಳಿದಾಗಲೆಲ್ಲ ಒಲೆಗೆ ಒಂದು ಹಿಡಿ ಉಪ್ಪು ಹಾಕುತ್ತಿದ್ದರು. ನಾನು, ವೈಶೇಷಿಕ ದರ್ಶನಕ್ಕೆ ಔಲೂಕ್ಯದರ್ಶನವೆಂದೇ ಹೆಸರಿದೆ, ಪಂಚತಂತ್ರದಲ್ಲಿ ಗೂಬೆಗಳಿಗಾಗಿ ಒಂದು ತಂತ್ರವೇ ಇದೆ ಎಂದು ಪಾಂಡಿತ್ಯವನ್ನು ಹೇಳಿ ನಗುತ್ತಿದ್ದೆನಲ್ಲದೆ, ಆ ಹಕ್ಕಿಯು ರಾತ್ರಿಯೆಲ್ಲ ಏನು ಮಾಡುವುದೆಂದು ಒಂದು ದಿನವಾದರೂ ವಿಚಾರಿಸಿರಲಿಲ್ಲ.

2022ರ ಚಳಿಗಾಲದಲ್ಲಿ ಇಲಿಗಳ ಹಾವಳಿ ಹೆಚ್ಚಿತು. ಅವರೆಯ ಕಾಯಿ, ಮೂಲಂಗಿ, ಬೀಜಕ್ಕೆಂದು ಕಟ್ಟಿಟ್ಟ ಜೋಳದ ತೆನೆ, ಕೊನೆಗೆ ನನ್ನ ಪುಸ್ತಕಗಳ ರಟ್ಟು, ಯಾವುದನ್ನೂ ಬಿಡಲಿಲ್ಲ. ಆ ವರ್ಷ ಎಳ್ಳಮಾವಾಸ್ಯೆಯು ಡಿಸೆಂಬರ 23ರಂದು ಬಂದಿತ್ತು. ಪದ್ಧತಿಯ ಮೇರೆಗೆ ಬಂಧುಗಳ ಹೊಲಕ್ಕೆ ಹೋಗಿ, ಭೂತಾಯಿಗೂ ಹೊಲದ ಸಕಲ ಜೀವರಾಶಿಗೂ ಸಲ್ಲಲೆಂದು ಚರಗವನ್ನು ಚೆಲ್ಲಿ, ಸಜ್ಜೆಯ ಕಡುಬು, ಪುಂಡಿಪಲ್ಲೆ, ಭರ್ತಿ ಊಟಗಳನ್ನು ಮುಗಿಸಿ ಬಂದೆವು. ಮರುದಿನ ಪರಿಚಿತ ರೈತರೊಬ್ಬರು ಬಂದು, ‘ಮಾಸ್ತರ, ಎಷ್ಟ ದಿನಾ ಅಂತ ತಾಳ್ತೀರಿ? ಒಂದ ನಾಕ ಬಿಲ್ಲಿ ಇಡ್ರಿ, ಎಲ್ಲಾ ಸ್ವಚ್ಛ ಆಗ್ತದ’ ಎಂದರು. ನಾನು ಅಂಗಡಿಯಿಂದ ಇಲಿಪಾಷಾಣದ ಬಿಲ್ಲೆಗಳನ್ನು ತಂದು, ಬಿಲಗಳ ಬಾಯಲ್ಲಿಯೂ ಬೇಲಿಯ ಉದ್ದಕ್ಕೂ ಇಟ್ಟೆನು. ನಿನ್ನೆಯ ದಿನ ಸಕಲ ಜೀವರಾಶಿಗೆ ಅನ್ನವನ್ನು ಚೆಲ್ಲಿದ ಕೈಯೇ ಇಂದು ವಿಷವನ್ನು ಚೆಲ್ಲಿತೆಂಬುದು ಆಗ ನನಗೆ ಹೊಳೆಯಲಿಲ್ಲ.

ಆ ಬಿಲ್ಲೆಯ ವಿಷವು ರಕ್ತವು ಹೆಪ್ಪುಗಟ್ಟದಂತೆ ಮಾಡುವಂಥದು. ಅದನ್ನು ತಿಂದ ಇಲಿಯು ಒಡನೆ ಸಾಯುವುದಿಲ್ಲ; ಕೆಲವು ದಿನಗಳವರೆಗೆ ಒಳಗೊಳಗೇ ರಕ್ತ ಸೋರಿ, ಮಂಕಾಗಿ, ಅಂಜಿಕೆಯನ್ನು ಮರೆತು ಬಯಲಿನಲ್ಲಿ ತೆವಳುವುದು. ಬೇಟೆಯ ಹಕ್ಕಿಗೆ ಇಷ್ಟು ಸುಲಭವಾದ ತುತ್ತು ಬೇರೆಯಿಲ್ಲ. ಇಲಿಯ ಮೈಯೊಳಗಿನ ವಿಷವು ಹಾಗೆಯೇ ಹಕ್ಕಿಯ ಮೈಗೆ ಸೇರುವುದು. ಇದನ್ನೆಲ್ಲ ನಾನು ತಿಳಿದದ್ದು ಅನಂತರ.

ಒಂಬತ್ತನೆಯ ದಿನ ಬೆಳಗ್ಗೆ ಮೊಮ್ಮಗಳು ಹಿತ್ತಲಿನಿಂದ ಓಡಿಬಂದು, ‘ಅಜ್ಜಾ, ಗೂಗಿ ಮಲಕೊಂಡದ, ಏಳವಲ್ದು’ ಎಂದಳು. ಹೋಗಿ ನೋಡಿದೆ. ಬಾವಿಯ ಕಟ್ಟೆಯ ಕೆಳಗೆ ರೆಕ್ಕೆಯನ್ನು ಅರ್ಧ ಬಿಚ್ಚಿ ಬಿದ್ದಿತ್ತು. ಕೊಕ್ಕಿನಲ್ಲಿ ಒಂದು ಹನಿ ರಕ್ತ. ಕೈಗೆತ್ತಿಕೊಂಡರೆ ಹತ್ತಿಯಷ್ಟು ಹಗುರ. ಅಷ್ಟು ಹತ್ತಿರದಿಂದ ಆ ಹಕ್ಕಿಯನ್ನು ನಾನು ನೋಡಿದ್ದು ಅದೇ ಮೊದಲು. ‘ಯಾಕ ಸತ್ತಿತು?’ ಎಂದು ಎಂಟು ವರ್ಷದ ಮಗು ಕೇಳಿತು. ಎಷ್ಟೋ ಸಾವಿರ ಪ್ರಶ್ನೆಗಳಿಗೆ ಉತ್ತರವನ್ನು ಹೇಳಿದ ಬಾಯಿ ಆ ಒಂದು ಪ್ರಶ್ನೆಗೆ ಕಟ್ಟಿಹೋಯಿತು. ಸುಳ್ಳು ಹೇಳಬಹುದಾಗಿತ್ತು. ಆದರೆ ಬಿಲ್ಲೆಗಳನ್ನಿಡುವಾಗ ಅವಳು ನನ್ನ ಪಕ್ಕದಲ್ಲಿಯೇ ನಿಂತಿದ್ದಳು. ‘ನಾನು ಇಟ್ಟ ವಿಷಕ್ಕೆ, ಕೂಸ’ ಎಂದೆನು. ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಬೇವಿನ ಬುಡದಲ್ಲಿ ಇಬ್ಬರೂ ಕೂಡಿ ಅದನ್ನು ಮಣ್ಣುಮಾಡಿದೆವು. ಉಳಿದ ಬಿಲ್ಲೆಗಳನ್ನೆಲ್ಲ ಹುಡುಕಿ ತೆಗೆದು, ಯಾವ ಪ್ರಾಣಿಯೂ ತೋಡಲಾರದಷ್ಟು ಆಳದಲ್ಲಿ ಹೂಳಿದೆನು.

ಜೊತೆಗಾರ ಗೂಬೆಯು ಐದಾರು ರಾತ್ರಿ ಕೂಗಿತು. ಆಮೇಲೆ ಅದೂ ಎಲ್ಲಿಗೋ ಹೋಯಿತು. ಆ ದಿನಗಳಲ್ಲಿ ನಮ್ಮ ಮನೆಯವರು ಒಲೆಗೆ ಉಪ್ಪನ್ನು ಹಾಕಲಿಲ್ಲವೆಂಬುದನ್ನು ನಾನು ಗಮನಿಸಿದೆ.

ಮಾಘದಲ್ಲಿ ನಾನೂ ಮೊಮ್ಮಗಳೂ ಆ ಗುಡಿಯೊಳಗೆ ದೀಪ ಹಿಡಿದು ಹೋದೆವು. ನೆಲದ ಮೇಲೆ ಹೆಬ್ಬೆರಳಿನ ಗಾತ್ರದ ಕರಿಯ ಉಂಡೆಗಳು ರಾಶಿಯಾಗಿ ಬಿದ್ದಿದ್ದವು. ಗೂಬೆಯು ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಎಲುಬು ಕೂದಲುಗಳನ್ನು ಹೀಗೆ ಉಂಡೆಮಾಡಿ ಉಗುಳುವುದು. ನಾಲ್ಕು ಉಂಡೆಗಳನ್ನು ತಂದು ನೀರಿನಲ್ಲಿ ನೆನೆಯಿಟ್ಟು ಕಡ್ಡಿಯಿಂದ ಬಿಡಿಸಿದೆವು. ಒಂದರಲ್ಲಿ ಎರಡು ತಲೆಬುರುಡೆ, ಒಂದರಲ್ಲಿ ಮೂರು, ಮಿಕ್ಕವೆರಡರಲ್ಲಿ ಒಂದೊಂದು, ಒಟ್ಟು ಏಳು. ಏಳೂ ಇಲಿಗಳವೇ. ಮೊಮ್ಮಗಳು ಅವನ್ನು ಸಾಲಾಗಿ ಕಾಗದದ ಮೇಲೆ ಜೋಡಿಸಿ, ಗುಡಿಯಲ್ಲಿ ಇನ್ನೆಷ್ಟು ಉಂಡೆಗಳಿವೆ ಎಂದು ಕೇಳಿದಳು. ನೂರಕ್ಕೆ ಕಡಮೆಯಿರಲಿಲ್ಲ. ನಮ್ಮ ಹಗೇವನ್ನೂ ನನ್ನ ಪುಸ್ತಕಗಳನ್ನೂ ಸಂಬಳವಿಲ್ಲದೆ ಕಾಯುತ್ತಿದ್ದ ಕಾವಲುಗಾರನನ್ನು ನಾನೇ ಕೊಂದಿದ್ದೆನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಫಲವನ್ನೂ ಉಣ್ಣಬೇಕಾಯಿತು. ವಿಷದಿಂದ ಇಲಿಗಳು ಒಂದು ತಿಂಗಳು ಕಡಮೆಯಾದವು. ಯುಗಾದಿಯ ಹೊತ್ತಿಗೆ ಮೊದಲಿಗಿಂತ ಹೆಚ್ಚಾದವು. ಇಲಿಯು ಮೂರು ವಾರ ಗರ್ಭ ಧರಿಸಿ ಈಯುವುದು. ಒಂದು ಸೂಲಿಗೆ ಆರೆಂಟು ಮರಿ. ಗೂಬೆಯು ವರ್ಷಕ್ಕೆ ಒಂದೋ ಎರಡೋ ಸಲ ಮರಿಮಾಡುವುದು. ಈ ಲೆಕ್ಕದಲ್ಲಿ ಕಾವಲುಗಾರನೂ ಕಳ್ಳನೂ ಒಟ್ಟಿಗೆ ಸತ್ತರೆ ಮೊದಲು ತಲೆಯೆತ್ತುವವನು ಕಳ್ಳನೇ. ಮುಂದೆ ನಾವು ಬೇರೆ ದಾರಿಯನ್ನು ಹಿಡಿದೆವು. ಕಾಳುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಗಳಿಗೆ ಹಾಕಿದೆವು. ಗೋಡೆಯ ಬುಡದ ಕಟ್ಟಿಗೆಯ ರಾಶಿಯನ್ನು ತೆಗೆಯಿಸಿದೆವು. ಬಿಲಗಳಿಗೆ ಕಲ್ಲುಚೂರು ತುಂಬಿ ಮುಚ್ಚಿದೆವು. ಎರಡು ಬೋನುಗಳನ್ನು ತಂದೆವು. ಬಾವಿಯ ಬಳಿ ಕೇರೆಹಾವನ್ನು ಕಂಡರೆ ಬಡಿಗೆ ಹಿಡಿದು ಓಡುತ್ತಿದ್ದ ಓಣಿಯ ಹುಡುಗರಿಗೆ, ಅದು ವಿಷವಿಲ್ಲದ್ದು, ಇಲಿ ತಿನ್ನುವುದು ಎಂದು ಹೇಳಿ ತಡೆಯುವುದಾಯಿತು. ಕೆಲಸವು ನಿಧಾನವಾಯಿತು, ಆದರೆ ನಿಂತಿತು.

ಶಿಶಿರದಲ್ಲಿ ಬೇವು ಎಲೆಯುದುರಿಸುವುದು. ಹೊಲಗಳಲ್ಲಿ ಬಿಳಿಜೋಳದ ತೆನೆ ಬಲಿಯುವ ಕಾಲವದು; ಗುಲಾಬಿ ಬಣ್ಣದ ಕಬ್ಬಕ್ಕಿಗಳು ಮಧ್ಯ ಏಷ್ಯದ ಕಡೆಯಿಂದ ಹಿಂಡುಹಿಂಡಾಗಿ ಬಂದು, ಸಂಜೆ ಮೋಡದಂತೆ ಸುತ್ತಿ ಸುಳಿದು ಇಳಿಯುವುವು. ತೆನೆ ತಿನ್ನುವುವೆಂದು ರೈತರು ಕವಣೆ ಬೀಸುವರು. ಮಿಡತೆಗಳನ್ನೂ ಅವೇ ತಿನ್ನುವುವೆಂಬುದನ್ನು ಬಲ್ಲ ಹಿರಿಯರು ಕವಣೆಯನ್ನು ಬೀಸಿದರೂ ಶಾಪವನ್ನು ಹಾಕುವುದಿಲ್ಲ.

ಫಾಲ್ಗುನದ ಕೊನೆಗೆ ಬರಲು ಬೇವಿನಲ್ಲಿ ತಾಮ್ರದ ಬಣ್ಣದ ಚಿಗುರು, ಅದರ ಬೆನ್ನಿಗೇ ಬಿಳಿಯ ಹೂವು. ಹಿತ್ತಲೆಲ್ಲ ಒಂದು ತೆರನಾದ ಸಿಹಿಗಂಪು. ಕಹಿಯ ಮರಕ್ಕೆ ಇಂತಹ ಕಂಪನ್ನು ಕೊಟ್ಟವನ ಮನಸ್ಸನ್ನು ಯಾರು ಬಲ್ಲರು? ಗಂಡು ಸೂರಕ್ಕಿಯು ತನ್ನ ಮಾಸಿದ ಚಳಿಗಾಲದ ಉಡುಪನ್ನು ಕಳಚಿ ಹೊಳೆಯುವ ನೀಲಿಯನ್ನು ಉಟ್ಟು ದಾಸವಾಳಕ್ಕೆ ಬರುವುದು. ಹೆಣ್ಣು ಜೇಡನ ಬಲೆಯ ನೂಲಿನಿಂದ ಕಸಕಡ್ಡಿಗಳನ್ನು ಅಂಟಿಸಿ, ಕೈಗೆಟಕುವ ಕೊಂಬೆಯಲ್ಲಿಯೇ ಚೀಲದಂತಹ ಗೂಡನ್ನು ತೂಗಬಿಡುವುದು. ಸಿಂಪಿಗ ಹಕ್ಕಿಯು ಎಲೆಯ ಎರಡು ಅಂಚುಗಳನ್ನು ತಂದು ಹೊಲಿಯುವುದು. ಕೋಲುಜೇನು ಮದರಂಗಿಯ ಬೇಲಿಯಲ್ಲಿ ಅಂಗೈಯಗಲದ ಹುಟ್ಟನ್ನಿಡುವುದು.

2023ರ ವಸಂತವೂ ಹೀಗೆಯೇ ಬಂತು, 2024ರದೂ ಬಂತು. ಹೂವಿತ್ತು, ಕಂಪಿತ್ತು, ಹಾಡಿತ್ತು. ಆದರೆ ರಾತ್ರಿಯ ಹೊತ್ತು ಆ ಗುಡಿಯತ್ತ ಕಿವಿಗೊಟ್ಟರೆ ಏನೂ ಇರಲಿಲ್ಲ. ಮೊಮ್ಮಗಳು ಮಾತ್ರ ಪ್ರತಿ ಹುಣ್ಣಿಮೆಗೊಮ್ಮೆ ಗುಡಿಯೊಳಗೆ ಇಣಿಕಿ, ಹೊಸ ಉಂಡೆ ಬಿದ್ದಿದೆಯೇ ಎಂದು ನೋಡಿ ಬರುತ್ತಿದ್ದಳು. ಏನನ್ನೂ ಹೇಳದೆ ಕೈಕಾಲು ತೊಳೆದು ಓದಲು ಕುಳಿತುಕೊಳ್ಳುತ್ತಿದ್ದಳು. ಅವಳು ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

2025ರ ಯುಗಾದಿಗೆ ಇನ್ನು ನಾಲ್ಕು ದಿನವಿರುವಾಗ, ನಡುರಾತ್ರಿ ಬಟ್ಟೆಯನ್ನು ಹರಿದಂತಹ ಆ ಕರ್ಕಶವಾದ ಕೂಗಿಗೆ ಎಚ್ಚರವಾಯಿತು. ಕನಸೆಂದುಕೊಂಡು ಸುಮ್ಮನಿದ್ದೆನು. ಮತ್ತೊಮ್ಮೆ ಕೇಳಿಸಿತು. ಎದ್ದು ನೋಡಿದರೆ ಹಿಂಬಾಗಿಲು ಆಗಲೇ ತೆರೆದಿತ್ತು. ನಮ್ಮ ಮನೆಯವರು ಕಟ್ಟೆಯ ಮೇಲೆ ನಿಂತಿದ್ದರು. ನನ್ನನ್ನು ಕಂಡು, ಪಿಸುದನಿಯಿಂದ, ‘ಬಂತ್ರೀ’ ಎಂದರು. ಅಷ್ಟು ವರ್ಷ ಯಾವ ದನಿಗೆ ಉಪ್ಪನ್ನು ಸುಟ್ಟಿದ್ದರೋ ಆ ದನಿಗಾಗಿ ಅವರೂ ಕಾದಿದ್ದರೆಂಬುದು ನನಗೆ ಅಂದೇ ತಿಳಿದದ್ದು. ಹಿಂದಣ ಜೋಡಿಯಲ್ಲಿ ಉಳಿದದ್ದೇ ಬಂದಿತೋ ಬೇರೆಯದೋ ಹೇಳಬಲ್ಲವರು ಯಾರು? ಮೊಮ್ಮಗಳನ್ನು ಎಬ್ಬಿಸಿದೆವು. ಮೂವರೂ ಕತ್ತಲೆಯಲ್ಲಿ ಕಟ್ಟೆಯ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಬೇವಿನಿಂದ ಒಂದು ಬಿಳಿಯ ಆಕಾರವು ಸದ್ದಿಲ್ಲದೆ ಬೇಲಿಯ ಮೇಲಿಂದ ಹಾದು ಗುಡಿಯ ಕಡೆಗೆ ಹೋಯಿತು.

ಪ್ರಿಯ ವಾಚಕರೆ, ನಿಮ್ಮಲ್ಲಿ ಎಲ್ಲರಿಗೂ ಹಿತ್ತಲಿರಲಾರದು. ಮಹಡಿಯ ಮೇಲೆ ನಾಲ್ಕು ಕುಂಡಗಳಿದ್ದರೂ ಸಾಕು. ಬೇಸಿಗೆಯಲ್ಲಿ ಒಂದು ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರನ್ನಿಡಿರಿ. ಸೊಳ್ಳೆ ಹುಟ್ಟದಂತೆ ದಿನವೂ ಬದಲಿಸಿರಿ. ನಿಂಬೆಯದೋ ಕರಿಬೇವಿನದೋ ಒಂದು ಗಿಡವನ್ನು ಬೆಳಸಿ, ಅದರ ನಾಲ್ಕು ಎಲೆಗಳನ್ನು ಚಿಟ್ಟೆಯ ಹುಳುವಿಗೆ ಬಿಟ್ಟುಕೊಡಿರಿ. ವಿಷವನ್ನು ಕೈಗೆತ್ತಿಕೊಳ್ಳುವ ಮುಂಚೆ, ಅದು ನೀವು ಎಣಿಸಿದ ಬಾಯಿಯಲ್ಲಿಯೇ ನಿಲ್ಲುವುದೇ ಎಂದು ಒಮ್ಮೆ ಯೋಚಿಸಿರಿ. ಮಕ್ಕಳು ಪಕ್ಕದಲ್ಲಿ ನಿಂತಿರುವರೆಂಬುದನ್ನಂತೂ ಮರೆಯಬೇಡಿರಿ.

ಐಹೊಳೆಗೆ ಬಂದರೆ ಗುಡಿಗಳನ್ನು ಅವಶ್ಯವಾಗಿ ನೋಡಿರಿ. ಮೇಗುತಿಯ ಗುಡ್ಡದ ಮೇಲೆ ರವಿಕೀರ್ತಿಯ ಅಕ್ಷರಗಳನ್ನು ನೋಡಿದ ಮೇಲೆ ತಿರುಗಿ ನಿಂತು ಕೆಳಗಿನ ಊರನ್ನೂ ಒಮ್ಮೆ ನೋಡಿರಿ. ಕೆಂಪು ಕಲ್ಲಿನ ಶಿಖರಗಳ ನಡುವೆ ಅಲ್ಲಲ್ಲಿ ಹಸುರಿನ ಚುಕ್ಕೆಗಳು ಕಾಣುವುವು. ಅವುಗಳಲ್ಲೊಂದು ನಮ್ಮ ಬೇವು. ಹೊತ್ತು ಮುಳುಗುವ ತನಕ ನಿಲ್ಲುವ ಬಿಡುವಿದ್ದರೆ ನಮ್ಮ ಹಿಂಬಾಗಿಲ ಕಟ್ಟೆಗೆ ಬನ್ನಿರಿ. ಕುಡಿಯಲು ಮಜ್ಜಿಗೆಯಿದೆ, ಕುಳಿತುಕೊಳ್ಳಲು ಕಂಬಳಿಯಿದೆ. ಮೊಮ್ಮಗಳು ಆ ಏಳು ತಲೆಬುರುಡೆಗಳನ್ನು ಈಗಲೂ ಒಂದು ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಾಳೆ. ಕೇಳಿದರೆ ತಂದು ತೋರಿಸುವಳು, ಕಥೆಯನ್ನೂ ಹೇಳುವಳು. ನಾನು ಪಕ್ಕದಲ್ಲಿಯೇ ಕುಳಿತು ಕೇಳುವೆನು.